ಮೊದಲ ಹಳೇ ಜಪಾನಿ ಕಾರು ಕೊಳ್ಳುವಾಗ ಕಾಗದ ಮೊದಲು, ಎಂಜಿನ್ ಕೊನೆಗೆ

"ಅಡ್ವಾನ್ಸ್ ಕೊಟ್ಟಾಯ್ತು ಸಾರ್, ಈಗ ಏನೇನು ನೋಡಬೇಕು?"

ಹಳೇ ಮಾರುತಿ 800, ಜಿಪ್ಸಿ, ಝೆನ್ (ಮೂರೂ ಜಪಾನಿನ ಸುಜುಕಿ ವಿನ್ಯಾಸದವು) ಅಥವಾ ಹೋಂಡಾ ಸಿಟಿ ಹುಡುಕುವವರಿಂದ ಹೆಚ್ಚಾಗಿ ಬರುವ ಪ್ರಶ್ನೆ ಇದೇ. ನೋಡಬೇಕಾದ್ದನ್ನೆಲ್ಲ ಅಡ್ವಾನ್ಸ್ ಕೊಡುವ ಮೊದಲೇ ನೋಡಬೇಕಿತ್ತು, ಅಲ್ವಾ? ಹಾಗಾಗಿ ಈ ಬರಹ ಇನ್ನೂ ದುಡ್ಡು ಕೊಡದವರಿಗೆ.

ಎಡವುವವರೆಲ್ಲ ಎಡವುವುದು ಕ್ರಮದಲ್ಲಿ. ಕಾರಿನ ಹತ್ತಿರ ಹೋಗುತ್ತಾರೆ, ಕೀ ತಿರುಗಿಸುತ್ತಾರೆ, ಎಂಜಿನ್ ಸದ್ದು ಕೇಳಿ ಸೋತುಬಿಡುತ್ತಾರೆ. ಆಮೇಲೆ ಬಾಡಿ ನೋಡುತ್ತಾರೆ. ಕಾಗದ ನೋಡುವುದು ಮನೆಗೆ ತಂದ ಮೇಲೆ. ಇದು ಪೂರ್ತಿ ತಲೆಕೆಳಗು. ಈ ಕಾರುಗಳಲ್ಲಿ ಎಂಜಿನ್ ರಿಪೇರಿಯೇ ಸುಲಭದ ಕೆಲಸ. ತುಕ್ಕು ಹಿಡಿದ ಬಾಡಿ ಸರಿ ಮಾಡಲು ಕಾರಿನ ಬೆಲೆಗಿಂತ ಜಾಸ್ತಿ ಹೋಗಬಹುದು. ಕೆಟ್ಟ ಕಾಗದವನ್ನಂತೂ ಯಾವ ಗ್ಯಾರೇಜಿನಲ್ಲೂ ರಿಪೇರಿ ಮಾಡಿಕೊಡುವುದಿಲ್ಲ.

## ಹಂತ 1: ಯಾವ ಕಾರು ಅಂತ ಮನೆಯಲ್ಲೇ ತೀರ್ಮಾನಿಸಿ

ಮೊದಲು ಒಂದು ಆಸೆ ಬಿಟ್ಟುಬಿಡಿ. ಜಪಾನಿನಿಂದ ಹಳೇ ಸ್ಕೈಲೈನ್, ಸುಪ್ರಾ ತರಿಸಿಕೊಳ್ಳುವ ವಿಡಿಯೊ ನೋಡಿ ತುಂಬ ಜನ ಲೆಕ್ಕ ಹಾಕಲು ಕೂರುತ್ತಾರೆ. ಅಮೆರಿಕದಲ್ಲಿ ಕಾರು 25 ವರ್ಷ ದಾಟಿದರೆ ತರಿಸಿಕೊಳ್ಳಬಹುದು, ಕೆನಡಾದಲ್ಲಿ 15 ವರ್ಷ ಆದರೆ ಸಾಕು. ನಮ್ಮಲ್ಲಿ ಮಾಮೂಲಿ ಆಮದಿನ ನಿಯಮದ ಪ್ರಕಾರ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಹಾಗಾಗಿ 90ರ ದಶಕದ ಕಾರು ಆ ದಾರಿಯಲ್ಲಿ ಬರುವುದಿಲ್ಲ. ಇಲ್ಲೇ ಮಾರಾಟವಾದ ಜಪಾನಿ ಕಾರುಗಳಲ್ಲೇ ಆರಿಸಿಕೊಳ್ಳಬೇಕು. ಅವೇನೂ ಕಮ್ಮಿ ಇಲ್ಲ.

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಮಾರುತಿ 800 ಅಥವಾ ಝೆನ್. 800ರಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮೊದಲ ಆಕಾರ ಎಸ್‌ಎಸ್80. ಅದು 1986ರವರೆಗೆ ಮಾತ್ರ ಇತ್ತು. ಇವತ್ತು ಜನ ಮುಗಿಬೀಳುವುದು ಅದಕ್ಕೇ. ಆಮೇಲೆ ಬಂದ ಆಕಾರದ 800 ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಮ್ಮಿ. ಎರಡರಲ್ಲೂ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಅದೇ ಎಂಜಿನ್ ಓಮ್ನಿಯಲ್ಲಿ 2019ರ ತನಕ ಇದ್ದದ್ದರಿಂದ ಬಿಡಿಭಾಗಕ್ಕೆ ಪರದಾಡಬೇಕಾಗಿಲ್ಲ. 1993ರಲ್ಲಿ ಬಂದ ಝೆನ್ ಓಡಿಸಲು ಇನ್ನೂ ಖುಷಿ. ಅದರ 993 ಸಿಸಿ ಎಂಜಿನ್ ಪೂರ್ತಿ ಅಲ್ಯೂಮಿನಿಯಂ, ಬಿಸಿ ಏರಿದರೆ ತಡೆಯುವುದಿಲ್ಲ. ಇದನ್ನು ನೆನಪಿಡಿ, ಏಳನೇ ಹಂತದಲ್ಲಿ ಬೇಕಾಗುತ್ತದೆ.

ಜಿಪ್ಸಿ ಬೇಕು ಅನ್ನುವವರು ಎರಡು ಬಗೆ ತಿಳಿದಿರಬೇಕು. 1985ರ ಕೊನೆಯಲ್ಲಿ ಬಂದದ್ದು 970 ಸಿಸಿಯ ಎಂಜಿ410. 1996ರಿಂದ 1.3 ಲೀಟರ್ ಎಂಜಿನ್ನಿನ ಕಿಂಗ್. ಹೈವೇಯಲ್ಲಿ ಓಡಿಸುವವರಿಗೆ ಎರಡನೆಯದೇ ಸರಿ. ಸೈನ್ಯದ ಹರಾಜಿನ ಜಿಪ್ಸಿ ಮೊದಲ ಕಾರಾಗಿ ಬೇಡ. ಹರಾಜಿನ ಪತ್ರ, ಹೊಸ ನೋಂದಣಿ, ಎಂಜಿನ್ ನಂಬರ್ ಎಲ್ಲವೂ ತಾಳೆಯಾಗಬೇಕು. ಅದನ್ನು ಪರೀಕ್ಷಿಸಲು ಅನುಭವ ಬೇಕು.

1998ರ ಹೋಂಡಾ ಸಿಟಿ ಒಳ್ಳೇ ಎಂಜಿನ್ನಿನ ಕಾರು. 2000ದಲ್ಲಿ ಬಂದ ವಿಟೆಕ್ ಮಾದರಿಯ ಹಿಂದೆ ಇವತ್ತಿಗೂ ಹುಡುಗರು ಓಡುತ್ತಾರೆ. ಓಡುವವರು ಜಾಸ್ತಿ ಇರುವುದರಿಂದಲೇ ಜಜ್ಜಿಹೋದ ಕಾರುಗಳೂ ಜಾಸ್ತಿ. 1998ರಲ್ಲೇ ಬಂದ ಮಿತ್ಸುಬಿಶಿ ಲ್ಯಾನ್ಸರ್ ನೋಡಲು ಚೆಂದ, ಭಾಗ ಹುಡುಕುವುದು ಗೋಳು. ನಮ್ಮ ಬಿಡದಿಯಲ್ಲೇ ತಯಾರಾದ ಟೊಯೊಟಾ ಕ್ವಾಲಿಸ್ ಗಟ್ಟಿ ಗಾಡಿ, ಆದರೆ ಅರ್ಧಕ್ಕರ್ಧ ಹಳದಿ ಬೋರ್ಡಿನಲ್ಲಿ ದುಡಿದು ಬಂದವು. ಇವು ಮೂರೂ ಎರಡನೇ ಕಾರಿಗೆ ಇರಲಿ.

ಒಂದೇ ಮಾದರಿ ಆರಿಸಿ, ಅದರಲ್ಲೇ ನಾಲ್ಕೈದು ಕಾರು ನೋಡಿ. ಇವತ್ತು ಜಿಪ್ಸಿ, ನಾಳೆ ಸಿಟಿ ಅಂತ ಸುತ್ತಿದರೆ ಯಾವುದರ ಸದ್ದು ಸರಿ, ಯಾವುದರದ್ದು ತಪ್ಪು ಅನ್ನುವುದು ಕಿವಿಗೆ ಗೊತ್ತಾಗುವುದೇ ಇಲ್ಲ.

## ಹಂತ 2: ಕಾರಿಗಿಂತ ಮೊದಲು ಬಿಡಿಭಾಗ ವಿಚಾರಿಸಿ

ಬೆಂಗಳೂರಿನವರು ಜೆ.ಸಿ. ರಸ್ತೆಗೆ ಒಂದು ಸುತ್ತು ಹೋಗಿ ಬನ್ನಿ. ಹಳೇ ಭಾಗಕ್ಕೆ ಶಿವಾಜಿನಗರದ ಗುಜರಿ ಅಂಗಡಿಗಳಿವೆ. ಬೇರೆ ಊರಿನವರು ಅಲ್ಲಿನ ಹಳೇ ಮಾರುತಿ ಮೆಕ್ಯಾನಿಕ್ ಹತ್ತಿರ ಕೂತು ಮಾತಾಡಿ. ಕೇಳಬೇಕಾದ್ದು ಕ್ಲಚ್ ಪ್ಲೇಟ್, ಬ್ರೇಕ್ ಶೂ ಸಿಗುತ್ತದೆಯೇ ಅಂತಲ್ಲ. ಅವು ಸಿಗುತ್ತವೆ. ಹಿಂದಿನ ಲೈಟು, ಗ್ರಿಲ್, ಬಂಪರ್, ಡ್ಯಾಶ್‌ಬೋರ್ಡ್, ಮುಂದಿನ ಗಾಜಿನ ರಬ್ಬರ್ ಬೀಡಿಂಗ್, ಬಾಗಿಲಿನ ಒಳಹಿಡಿ ಸಿಗುತ್ತವೆಯೇ ಕೇಳಿ. ಎಸ್‌ಎಸ್80ಯಲ್ಲಿ ಇಂಥ ಒಂದು ಸಣ್ಣ ಭಾಗಕ್ಕೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ.

ಇದರಿಂದ ಒಂದು ಲೆಕ್ಕ ಹೊರಡುತ್ತದೆ. ಎಂಜಿನ್ ಸುಮಾರಾಗಿದ್ದು ಲೈಟು, ಗಾಜು, ಒಳಗಿನ ಸಾಮಾನೆಲ್ಲ ಇರುವ ಕಾರು, ಚೆನ್ನಾಗಿ ಓಡುವ ಆದರೆ ಅರ್ಧ ಸಾಮಾನು ಕಳೆದುಹೋದ ಕಾರಿಗಿಂತ ಮೇಲು.

ಹಣದ ವಿಷಯ ಇಲ್ಲೇ ಮುಗಿಸಿಬಿಡೋಣ. ಕೈಯಲ್ಲಿರುವ ಮೊತ್ತದಲ್ಲಿ ಮೂರನೇ ಒಂದು ಭಾಗ ಬೇರೆ ತೆಗೆದಿಡಿ. ಉಳಿದದ್ದರಲ್ಲಿ ಸಿಗುವ ಕಾರು ಹುಡುಕಿ. ತೆಗೆದಿಟ್ಟದ್ದು ಮೊದಲ ಆರು ತಿಂಗಳಲ್ಲೇ ಖರ್ಚಾಗುತ್ತದೆ, ಅನುಮಾನವೇ ಬೇಡ.

## ಹಂತ 3: ಫೋನಿನಲ್ಲೇ ಅರ್ಧ ಕಾರು ಹೊಡೆದುಹಾಕಿ

ಹಾಸನದಲ್ಲಿ ಕಾರಿದೆ ಅಂತ ಭಾನುವಾರ ಹೊರಡುವ ಮೊದಲು ಫೋನಿನಲ್ಲಿ ನಾಲ್ಕು ವಿಷಯ ಕೇಳಿ. ಆರ್‌ಸಿ (ನೋಂದಣಿ ಪತ್ರ) ಯಾರ ಹೆಸರಿನಲ್ಲಿದೆ, ಅವರು ಬದುಕಿದ್ದಾರೆಯೇ? ಆರ್‌ಸಿ ಅವಧಿ ಯಾವ ದಿನಾಂಕದವರೆಗಿದೆ? ಗಾಡಿ ಎಷ್ಟು ದಿನದಿಂದ ನಿಂತಿದೆ? ಆರ್‌ಸಿಯ ಎರಡೂ ಬದಿಯ ಫೋಟೊ ಕಳಿಸುತ್ತೀರಾ?

ಕೊನೆಯ ಪ್ರಶ್ನೆಗೆ ಬರುವ ಉತ್ತರ ಗಮನಿಸಿ. "ಬನ್ನಿ ಸಾರ್, ಬಂದ್ಮೇಲೆ ಎಲ್ಲಾ ತೋರಿಸ್ತೀವಿ" ಅಂದರೆ ಪೆಟ್ರೋಲ್ ಸುಟ್ಟುಕೊಂಡು ಹೋಗಬೇಡಿ. ನಿಜವಾಗಿ ಮಾರಬೇಕು ಅನ್ನುವವರು ಫೋಟೊ ಕಳಿಸುತ್ತಾರೆ.

ಊರು ಯಾವುದು ಅನ್ನುವುದೂ ಮುಖ್ಯ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಮೂವತ್ತು ವರ್ಷ ನಿಂತ ಕಾರಿನ ತಗಡಿಗೂ ಚಿತ್ರದುರ್ಗ, ಬಳ್ಳಾರಿಯ ಒಣಹವೆಯ ಕಾರಿನ ತಗಡಿಗೂ ತುಂಬ ವ್ಯತ್ಯಾಸ. ಮಲೆನಾಡಿನ ಎಸ್ಟೇಟ್ ಜಿಪ್ಸಿಗಳ ಎಂಜಿನ್ ಚೆನ್ನಾಗಿರಬಹುದು, ಆದರೆ ಅಡಿಯಲ್ಲಿ ಕೆಸರು ಮೆತ್ತಿ ಕೂತು ಚಾಸಿ ತಿಂದಿರುತ್ತದೆ.

## ಹಂತ 4: ಕಾಗದ

ಈ ಹಂತ ಉದ್ದ ಇದೆ. ತಾಳ್ಮೆಯಿಂದ ಓದಿ, ಯಾಕಂದರೆ ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ.

ಆರ್‌ಸಿ ಅವಧಿ. ಸ್ವಂತ ಬಳಕೆಯ ಕಾರಿಗೆ ಮೊದಲು 15 ವರ್ಷ, ಆಮೇಲೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪತ್ರ) ಮಾಡಿಸಿ ಐದೈದು ವರ್ಷ ನವೀಕರಣ. 1998ರ ಸಿಟಿ ಆದರೆ 2013, 2018, 2023ರಲ್ಲಿ ನವೀಕರಣ ಆಗಿ 2028ರ ತನಕ ಅವಧಿ ಇರಬೇಕು. ನಡುವೆ ತಪ್ಪಿಹೋಗಿದ್ದರೆ ದಂಡ, ಹಸಿರು ತೆರಿಗೆ, ಎಫ್‌ಸಿ ಎಲ್ಲವೂ ಸೇರಿ ನಿಮ್ಮ ತಲೆಗೆ ಬರುತ್ತದೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನೇ 10,000 ರೂಪಾಯಿಗೆ ಏರಿಸಿದೆ. ಅವಧಿ ಮುಗಿದಿದ್ದರೆ ನವೀಕರಣ ಮಾಡಿಸಿಕೊಡುವುದು ಮಾರುವವರ ಕೆಲಸ ಅಂತ ಖಡಾಖಂಡಿತ ಹೇಳಿ. "ಸುಮ್ನೆ ಒಂದು ದಿನದ ಕೆಲಸ, ನೀವೇ ಮಾಡಿಸ್ಕೊಳ್ಳಿ" ಅಂದರೆ, ಒಂದು ದಿನದ ಕೆಲಸವಾದರೆ ಅವರೇ ಯಾಕೆ ಮಾಡಿಸಿಲ್ಲ?

"ವಿಂಟೇಜ್ ನೋಂದಣಿ ಮಾಡಿಸಬಹುದು ಸಾರ್" ಅನ್ನುವ ಬ್ರೋಕರ್ ಮಾತು ನಂಬಬೇಡಿ. 2021ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು. ಮೊಟ್ಟಮೊದಲ ಮಾರುತಿ 800ಕ್ಕೆ 50 ತುಂಬುವುದೇ 2033ಕ್ಕೆ.

ಬಿ-ಎಕ್ಸ್‌ಟ್ರಾಕ್ಟ್. ಆರ್‌ಟಿಒದಲ್ಲಿ ಸಿಗುವ ಈ ಒಂದು ಪತ್ರ ನೋಡದೆ ಹಳೇ ಕಾರಿಗೆ ದುಡ್ಡು ಕೊಡಲೇಬೇಡಿ. ಗಾಡಿಯ ಈಗಿನ ಮಾಲೀಕರು ಯಾರು, ತೆರಿಗೆ ಕಟ್ಟಿದೆಯೇ, ಸಾಲ ತೀರಿದೆಯೇ ಅನ್ನುವುದು ಆರ್‌ಟಿಒ ದಾಖಲೆಯಿಂದಲೇ ತಿಳಿಯುತ್ತದೆ. 1995ರಲ್ಲಿ ತೆಗೆದ ಸಾಲ ಅಂದೇ ತೀರಿಸಿ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದೆ ಬಿಟ್ಟವರು ಬೇಕಾದಷ್ಟಿದ್ದಾರೆ. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಮತ್ತು ಫಾರಂ 35 ಬೇಕು. ಆ ಹಣಕಾಸು ಕಂಪನಿಯೇ ಮುಚ್ಚಿಹೋಗಿದ್ದರೆ? ಅಂಥ ಕಾರು ಬಿಟ್ಟು ಮುಂದೆ ಹೋಗಿ.

ಮಾಲೀಕರು ತೀರಿಹೋಗಿದ್ದರೆ. ತಾತನ 800 ಶೆಡ್‌ನಲ್ಲಿತ್ತು, ಮೊಮ್ಮಗ ಮಾರುತ್ತಿದ್ದಾನೆ. ಒಬ್ಬರೇ ಮಾಲೀಕರು, ಕಮ್ಮಿ ಓಡಿದ ಗಾಡಿ, ಎಲ್ಲ ಚೆನ್ನ. ಆದರೆ ತಾತನ ಹೆಸರಿನಿಂದ ನೇರ ನಿಮ್ಮ ಹೆಸರಿಗೆ ಬರುವುದಿಲ್ಲ. ಮೊದಲು ಮರಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟುಕೊಂಡು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು. ಆಮೇಲೆ ನಿಮಗೆ. ಅತ್ತೆಯೊಬ್ಬರು ಮೈಸೂರಿನಲ್ಲಿದ್ದಾರೆ, ಚಿಕ್ಕಪ್ಪ ಮಾತಾಡುವುದಿಲ್ಲ ಅನ್ನುವ ಕಥೆ ಶುರುವಾದರೆ, ಅವರ ಮನೆಯ ಜಗಳ ಮುಗಿಯುವ ತನಕ ನಿಮ್ಮ ಕಾರು ನಿಮ್ಮದಾಗುವುದಿಲ್ಲ. ಫೋನ್ ನಂಬರ್ ಕೊಟ್ಟು ಬನ್ನಿ, ಹೆಸರು ಬದಲಾದ ಮೇಲೆ ಹೇಳಿ ಅನ್ನಿ. ದುಡ್ಡು ಕೊಡಬೇಡಿ.

ಓಪನ್ ಪೇಪರ್. ಆರ್‌ಸಿಯಲ್ಲಿರುವವರು ಹೆಸರು ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟಿರುತ್ತಾರೆ. ಅದು ಮೂರು ಕೈ ದಾಟಿ ನಿಮ್ಮ ಹತ್ತಿರ ಬರುತ್ತದೆ. ಸಹಿ ಹಾಕಿದವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಆ ಸಹಿಯ ಮೇಲೆ ವ್ಯವಹಾರ ಬೇಡ. ಆರ್‌ಸಿಯಲ್ಲಿರುವವರೇ ಎದುರಿಗೆ ಕೂರಬೇಕು, ಅವರ ಗುರುತಿನ ಚೀಟಿಯ ಪ್ರತಿ ಕೊಡಬೇಕು. ಆಗಲ್ಲ ಅಂದರೆ ಬೇಡ.

ಬೇರೆ ರಾಜ್ಯದ ಕಾರು. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್, 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿನ ಹಳೇ ಕಾರು ಕಮ್ಮಿ ಬೆಲೆಗೆ ಇಲ್ಲಿ ಸಿಗುತ್ತವೆ. ತುಕ್ಕು ಕಮ್ಮಿ ಇರುವುದೂ ನಿಜ. ಆದರೆ ಫಾರಂ 28ರ ಎನ್‌ಒಸಿ ಕೈಯಲ್ಲಿದೆಯೇ, ಅದು ಯಾವ ಆರ್‌ಟಿಒಗೆ ಬರೆದದ್ದು, ಅಲ್ಲಿ ನೋಂದಣಿ ರದ್ದಾಗಿದೆಯೇ ನೋಡಿ. ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಎಷ್ಟಾಗುತ್ತದೆ ಅಂತ ನಿಮ್ಮ ಆರ್‌ಟಿಒದಲ್ಲಿ ಕೇಳಿಕೊಂಡೇ ಬೆಲೆ ಮಾತಾಡಿ.

ಆರ್‌ಸಿಗೂ ಗಾಡಿಗೂ ತಾಳೆ. ಇಂಧನ, ಬಣ್ಣ, ಆಸನ, ಎಂಜಿನ್ ನಂಬರ್ ಒಂದೊಂದಾಗಿ ನೋಡಿ. ಎಲ್‌ಪಿಜಿ ಕಿಟ್ ತೆಗೆದುಹಾಕಿ ಆರ್‌ಸಿಯಲ್ಲಿ ಹಾಗೇ ಬಿಟ್ಟಿರುತ್ತಾರೆ. ಜಿಪ್ಸಿಗೆ ಯಾವುದೋ ಡೀಸೆಲ್ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ಪೆಟ್ರೋಲ್ ಅಂತಲೇ ಇರುತ್ತದೆ. ಕಾನೂನಿನಲ್ಲಿ ಇದಕ್ಕೆ ಅವಕಾಶವಿಲ್ಲ, ಅಪಘಾತವಾದರೆ ವಿಮೆಯವರೂ ಕೈ ಎತ್ತುತ್ತಾರೆ. ಕದ್ದ ಗಾಡಿಯೇ ಅಂತ ನೋಡಲು ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆ) ವಾಹನ್ ಸಮನ್ವಯ್ ಜಾಲತಾಣದಲ್ಲಿ ನಂಬರ್ ಹಾಕಿ. ಬಾಕಿ ಇರುವ ಟ್ರಾಫಿಕ್ ದಂಡ ಮೊಬೈಲಿನಲ್ಲೇ ಸಿಗುತ್ತದೆ.

ಇಷ್ಟೂ ಸರಿ ಇದ್ದರೆ ಮಾತ್ರ ಕಾರು ನೋಡಲು ಹೊರಡಿ.

## ಹಂತ 5: ಚೀಲಕ್ಕೆ ಏನು ಹಾಕಿಕೊಳ್ಳಬೇಕು

ಟಾರ್ಚ್, ತೆಳು ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ, ಉದ್ದನೆ ಸ್ಕ್ರೂಡ್ರೈವರ್, ಅಡಿಯಲ್ಲಿ ಮಲಗಲು ಹಳೇ ಬೆಡ್‌ಶೀಟ್, ಒರೆಸಲು ಹಳೇ ಬಟ್ಟೆ, ಪ್ಲಗ್ ಸ್ಪ್ಯಾನರ್, ಬಿಳಿ ಹಾಳೆ, ಪೆನ್ಸಿಲ್. ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ಕಾಲದ ಸಾಧನ) ಇರುವ ಕಾರಿಗೆ ದೋಷ ಓದುವ ಸ್ಕ್ಯಾನರ್ ತೆಗೆದುಕೊಂಡು ಹೋಗುವವರಿದ್ದಾರೆ, ಸಿಕ್ಕಿಸಲು ಅದರಲ್ಲಿ ಜಾಗವೇ ಇಲ್ಲ. ಅದರ ಬದಲು ಕಂಪ್ರೆಷನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯುವ ಮಾಪಕ) ಇರುವ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೂ ಬ್ರೋಕರ್‌ಗೂ ಪರಿಚಯ ಇರಬಾರದು, ಅಷ್ಟೇ.

ಬೆಳಿಗ್ಗೆ ಹೋಗಿ. ಮಳೆಯಲ್ಲಿ ಬೇಡ. ಒದ್ದೆಯಾದ ಬಣ್ಣ ಎಲ್ಲ ಕಾರಿನದ್ದೂ ಹೊಳೆಯುತ್ತದೆ. "ಬರೋ ಅರ್ಧ ಗಂಟೆ ಮೊದಲು ಹೇಳಿ, ಸ್ಟಾರ್ಟ್ ಮಾಡಿ ಇಟ್ಟಿರ್ತೀನಿ" ಅಂದರೆ ಬೇಡ ಅನ್ನಿ. ಎಂಜಿನ್ ತಣ್ಣಗಿರಬೇಕು.

## ಹಂತ 6: ಬಾಡಿ ಮತ್ತು ಚಾಸಿ

ಮೊದಲು ಬಾನೆಟ್ ಎತ್ತಿ ಚಾಸಿ ನಂಬರ್ ಹುಡುಕಿ. 800ರಲ್ಲಿ ಎಂಜಿನ್ ಹಿಂದಿನ ತಗಡಿನ ಗೋಡೆಯಲ್ಲಿ, ಜಿಪ್ಸಿಯಲ್ಲಿ ಚಾಸಿಯ ಮೇಲೇ ಕೊರೆದಿರುತ್ತದೆ. ಗ್ರೀಸು ಒರೆಸಿ, ಬಿಳಿ ಹಾಳೆ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಿ. ಆರ್‌ಟಿಒಗೆ ಕೊಡುವ ಪೆನ್ಸಿಲ್ ಪ್ರಿಂಟ್ ತೆಗೆಯುವುದೂ ಹೀಗೇ. ಅಕ್ಷರಗಳು ಒಂದೇ ಎತ್ತರ, ಒಂದೇ ಅಂತರದಲ್ಲಿ ಮೂಡಬೇಕು. ಒಂದು ಅಂಕಿ ವಾಲಿದ್ದರೆ, ಸುತ್ತ ಗ್ರೈಂಡರ್ ಗೀರು ಕಂಡರೆ, ಆ ಜಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಹೊರಟುಬಿಡಿ. ಇದರ ಬಗ್ಗೆ ಚರ್ಚೆಯೇ ಬೇಡ.

ಬಾನೆಟ್ ತೆಗೆದೇ ಇರಲಿ. ರೇಡಿಯೇಟರ್ ಹಿಡಿದಿರುವ ಅಡ್ಡ ತಗಡಿನ ಅಂಚು ನೋಡಿ. ಕಾರ್ಖಾನೆಯ ಬೆಸುಗೆ ಸಣ್ಣ ಸಣ್ಣ ದುಂಡು ಗುಳಿಯ ಹಾಗೆ, ಸಾಲಾಗಿ ಇರುತ್ತದೆ. ಉದ್ದಕ್ಕೆ ಎಳೆದ ಒರಟು ಬೆಸುಗೆ ಕಂಡರೆ ಮುಂಭಾಗ ಜಜ್ಜಿಹೋಗಿ ಟಿಂಕರಿಂಗ್ (ತಗಡಿನ ರಿಪೇರಿ) ಆಗಿದೆ. ಫೆಂಡರ್ ಬೋಲ್ಟುಗಳ ತಲೆಯ ಬಣ್ಣ ಕಿತ್ತಿದ್ದರೆ ಅದನ್ನು ಒಮ್ಮೆಯಾದರೂ ಬಿಚ್ಚಿದ್ದಾರೆ. ಹಳೇ ಕಾರಿಗೆ ಒಂದು ಫೆಂಡರ್ ಬದಲಾಗಿರುವುದು ದೊಡ್ಡ ವಿಷಯವಲ್ಲ. ಬೆಸುಗೆ ಬಂದಿರುವುದು ದೊಡ್ಡ ವಿಷಯ.

ಈಗ ಆಯಸ್ಕಾಂತ. ಬಾಗಿಲಿನ ಕೆಳ ಅಂಚು, ಫುಟ್‌ಬೋರ್ಡ್, ಹಿಂದಿನ ಚಕ್ರದ ಕಮಾನು, ಫೆಂಡರಿನ ಕೆಳಗಿನ ಮೂಲೆ, ಇಲ್ಲೆಲ್ಲ ಮೆಲ್ಲಗೆ ಜಾರಿಸಿ. ಹಿಡಿತ ಸಡಿಲವಾದರೆ ಅಡಿಯಲ್ಲಿ ಪುಟ್ಟಿ ಇದೆ. ತೆಳುವಾಗಿ ಎಲ್ಲ ಕಡೆ ಒಂದೇ ತರ ಸಡಿಲವಾದರೆ ಬಣ್ಣ ದಪ್ಪ ಇರಬಹುದು. ಒಂದೇ ಕಡೆ ದೊಪ್ಪನೆ ಬಿದ್ದುಹೋದರೆ ಅಲ್ಲಿ ತಗಡೇ ಉಳಿದಿಲ್ಲ.

ಒಳಗೆ ಕೂತು ಮ್ಯಾಟ್ ಎತ್ತಿ. ಮಾರುವವರು "ಅದು ಅಂಟಿಕೊಂಡಿದೆ ಸಾರ್, ಹರಿದುಹೋಗತ್ತೆ" ಅಂತಾರೆ. ಹರಿದರೆ ಹೊಸ ಮ್ಯಾಟ್ ಕೊಡಿಸ್ತೀನಿ ಅನ್ನಿ, ಎತ್ತಿ. 800ರಲ್ಲಿ ಮುಂದಿನ ಗಾಜಿನ ಬೀಡಿಂಗ್ ಒಣಗಿ ಬಿರಿದು, ಅಲ್ಲಿಂದ ಇಳಿದ ನೀರು ಡ್ರೈವರ್ ಕಾಲಬುಡದಲ್ಲಿ ಬಂದು ಕೂರುತ್ತದೆ. ಮೇಲಿನಿಂದ ಮ್ಯಾಟ್ ಒಣಗಿರುತ್ತದೆ, ಅಡಿಯ ಫೆಲ್ಟ್ ಹಿಂಡಿದರೆ ನೀರು. ಸ್ಕ್ರೂಡ್ರೈವರ್ ಹಿಡಿಯಿಂದ ತಗಡಿಗೆ ತಟ್ಟಿ. ಟಣ್ ಅಂದರೆ ಗಟ್ಟಿ. ದಪ್ ಅಂತ ಮಂಕು ಸದ್ದು ಬಂದರೆ ಮೊನೆಯಿಂದ ಸ್ವಲ್ಪ ಒತ್ತಿ ನೋಡಿ, ಆದರೆ ಕೇಳಿಕೊಂಡು. ತುಕ್ಕು ಚಕ್ಕೆಚಕ್ಕೆಯಾಗಿ ಏಳುತ್ತದೆ, ಕೆಲವೊಮ್ಮೆ ನೆಲವೇ ಕಾಣುತ್ತದೆ.

ಬ್ಯಾಟರಿ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಮುಂದಿನ ಶಾಕ್‌ಅಬ್ಸಾರ್ಬರ್ ಮೇಲ್ತುದಿ ಕೂರುವ ಜಾಗ, ಇವನ್ನೂ ಬಿಡಬೇಡಿ. ಶಾಕ್‌ಅಬ್ಸಾರ್ಬರ್ ಜಾಗದಲ್ಲಿ ತುಕ್ಕಿದ್ದರೆ ಆ ಕಾರು ಬೇಡ. ಉಳಿದವನ್ನು ಬೆಲೆಯಲ್ಲಿ ಸರಿದೂಗಿಸಬಹುದು.

ಜಿಪ್ಸಿಗೆ ಬೆಡ್‌ಶೀಟ್ ಹಾಸಿ ಅಡಿಗೆ ಹೋಗಲೇಬೇಕು. ಪಟ್ಟಾ ಸ್ಪ್ರಿಂಗ್ ಚಾಸಿಗೆ ಕೂರುವ ಹ್ಯಾಂಗರ್‌ಗಳು, ಬಾಡಿ ಕೂರುವ ರಬ್ಬರ್ ಬುಷ್‌ಗಳ ಸುತ್ತ, ಚಾಸಿಯ ಹಿಂತುದಿ, ಮುಂಗಾಜಿನ ಚೌಕಟ್ಟಿನ ಕೆಳಭಾಗ ನೋಡಿ. ಅಡಿಯೆಲ್ಲ ಕಡುಕಪ್ಪು ಹೊಸ ಕೋಟಿಂಗ್ ಬಳಿದು ಮಿರಮಿರ ಅನ್ನುತ್ತಿದ್ದರೆ ಖುಷಿಪಡಬೇಡಿ. ಮಾರುವ ಮುಂಚಿನ ವಾರ ಯಾರೂ ಕಾರಿನ ಕಾಳಜಿಗೆ ಅಂತ ಅದನ್ನು ಬಳಿಯುವುದಿಲ್ಲ.

ನೆರೆ ನೀರಲ್ಲಿ ಮುಳುಗಿದ ಕಾರು ಗುರುತಿಸಲು ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ಕೊನೆ ನೋಡಿ, ಸೀಟಿನ ಅಡಿಯ ಸ್ಪ್ರಿಂಗ್ ಮುಟ್ಟಿ. ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟ್ ಕವರ್ ಹೊಸದಾಗಿ ಹಾಕಿದರೂ ಅಲ್ಲಿಗೆ ಯಾರ ಕೈಯೂ ಹೋಗಿರುವುದಿಲ್ಲ.

## ಹಂತ 7: ಎಂಜಿನ್

ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಚಹಾ ಕುಡಿದು ಕಾಯಿರಿ, ಬಿಸಿ ಆರುವ ತನಕ.

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಣ್ಣದ ಕೂಲೆಂಟ್ ಇದ್ದರೆ ಒಳ್ಳೆಯದು. ತುಕ್ಕುಬಣ್ಣದ ನಲ್ಲಿನೀರು ಇದ್ದರೆ ಒಳದಾರಿ ಕಟ್ಟಿಕೊಂಡಿರಬಹುದು. ಎಣ್ಣೆ ತೇಲುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಮುಚ್ಚಳದ ಒಳಬದಿ ಮಜ್ಜಿಗೆ ಕಡೆದ ಹಾಗೆ ಬೆಳ್ಳಗೆ ಮೆತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಹೆಡ್ಡಿನ ಅಡಿಯ ಸೀಲ್) ಕಥೆ ಮುಗಿದಿರಬಹುದು. ಝೆನ್ ನೋಡುವವರು ಇದನ್ನು ಎರಡು ಸಲ ನೋಡಿ. ಅಲ್ಯೂಮಿನಿಯಂ ಹೆಡ್ ಒಮ್ಮೆ ಬಿಸಿಯೇರಿ ಬಾಗಿದರೆ ಬರೀ ಗ್ಯಾಸ್ಕೆಟ್ ಬದಲಿಸಿ ಪ್ರಯೋಜನವಿಲ್ಲ.

ಸ್ಟಾರ್ಟ್ ಮಾಡುವಾಗ ನೀವು ಸೈಲೆನ್ಸರ್ ಹಿಂದೆ ನಿಲ್ಲಿ, ಬೇರೆಯವರು ಕೀ ತಿರುಗಿಸಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಸ್ಟಾರ್ಟ್ ಆದಾಗ ಮಾತ್ರ ಬಂದು ನಿಂತರೆ ವಾಲ್ವ್ ಸೀಲ್ ಇರಬಹುದು, ಅದು ಸಣ್ಣ ಕೆಲಸ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗ್ ಸವೆದಿವೆ, ಎಂಜಿನ್ ಬಿಚ್ಚಬೇಕು. ಕಪ್ಪು ಹೊಗೆ ಕಾರ್ಬೊರೇಟರಿನದ್ದು, ತಲೆ ಕೆಡಿಸಿಕೊಳ್ಳಬೇಡಿ. ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಸಹಜ, ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ.

ಕಾಲು ಗಂಟೆ ಐಡ್ಲಿಂಗ್‌ನಲ್ಲಿ ಬಿಡಿ. 800, ಝೆನ್, ಸಿಟಿಗಳಲ್ಲಿ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಿ ತಾನಾಗಿ ನಿಲ್ಲಬೇಕು. ಕೀ ಹಾಕಿದ ತಕ್ಷಣ ಫ್ಯಾನ್ ತಿರುಗಲು ಶುರುವಾದರೆ ಯಾರೋ ನೇರ ವೈರ್ ಕೊಟ್ಟಿದ್ದಾರೆ, ಬಿಸಿಯೇರುವ ರೋಗ ಮುಚ್ಚಿಡಲು. ಆಮೇಲೆ ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿಸಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುವ ಕಾರು ಟ್ರಾಫಿಕ್ಕಿನಲ್ಲಿ ನಿಮ್ಮನ್ನು ಅಳಿಸುತ್ತದೆ.

ಕಂಪ್ರೆಷನ್ ನೋಡುವಾಗ ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದೇ ಮುಖ್ಯ. ಮೂರರಲ್ಲಿ ಒಂದು ಮಾತ್ರ ತೀರಾ ಕೆಳಗಿದ್ದರೆ ಎಂಜಿನ್ ಕೆಲಸ ಇದೆ ಅಂತ ಲೆಕ್ಕಕ್ಕೆ ಸೇರಿಸಿ. ಕಾರು ಬೇಡ ಅನ್ನಲು ಇದು ಕಾರಣವಲ್ಲ, 800ರ ಎಂಜಿನ್ ಕಟ್ಟುವವರು ತಾಲ್ಲೂಕಿಗೆ ನಾಲ್ಕು ಜನ ಇದ್ದಾರೆ.

## ಹಂತ 8: ಓಡಿಸಿ ನೋಡುವುದು

ವಿಮೆ ಇದೆಯೇ ಕೇಳಿಕೊಂಡೇ ಸ್ಟೀರಿಂಗ್ ಹಿಡಿಯಿರಿ. ಹಾಡು ಆಫ್, ಕಿಟಕಿ ಕೆಳಗೆ.

ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಸುತ್ತು ಹಾಕಿ. ಕಟಕಟ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ. ಎರಡನೇ ಗೇರಿನಲ್ಲಿ ವೇಗ ಏರಿಸಿ ತಟ್ಟನೆ ಆಕ್ಸಿಲರೇಟರ್ ಬಿಡಿ, ಗೇರ್ ಹಾರಿ ನ್ಯೂಟ್ರಲ್‌ಗೆ ಬರಬಾರದು. ಗಟ್ಟಿ ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯಬಾರದು.

ಜಿಪ್ಸಿಯ ಫೋರ್‌ವೀಲ್ ಲಿವರನ್ನು ಮಣ್ಣಿನ ಮೇಲೆ ಮಾತ್ರ ಹಾಕಿ ನೋಡಿ. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಅದಕ್ಕೆ ಇಲ್ಲ, ಒಣ ಟಾರ್ ರಸ್ತೆಯಲ್ಲಿ ಹಾಕಿ ತಿರುಗಿಸಿದರೆ ಗೇರುಗಳಿಗೆ ಪೆಟ್ಟು. ಸಿಟಿ ನೋಡುವವರು ಬಗ್ಗಿ ಎಂಜಿನ್ ಅಡಿಯ ಆಯಿಲ್ ಸಂಪ್ ನೋಡಿ. ನಮ್ಮ ಹಂಪುಗಳಿಗೆ ತಗುಲಿ ಜಜ್ಜಿರದ ಸಿಟಿ ಅಪರೂಪ.

## ಹಂತ 9: ಬೆಲೆ ಮತ್ತು ಹಣ

ಅಲ್ಲೇ ಮಾತು ಮುಗಿಸಬೇಡಿ. ಮನೆಗೆ ಬಂದು ಕಂಡ ದೋಷಗಳನ್ನು ಬರೆದು, ಒಂದೊಂದಕ್ಕೂ ಮೆಕ್ಯಾನಿಕ್ ಮತ್ತು ಟಿಂಕರ್ ಹತ್ತಿರ ಖರ್ಚು ಕೇಳಿ. "ನಾಳೆ ಇನ್ನೊಬ್ಬರು ಬರ್ತಿದಾರೆ" ಅಂತ ಹೇಳಿಯೇ ಹೇಳುತ್ತಾರೆ. ಬರಲಿ ಬಿಡಿ. ಇಂಟರ್ನೆಟ್ಟಿನಲ್ಲಿ ಕಾಣುವ ಬೆಲೆ ಮಾರುವವರು ಕೇಳಿದ ಬೆಲೆ, ಕೈಗೆ ಬಂದ ಬೆಲೆಯಲ್ಲ ಅನ್ನುವುದೂ ನೆನಪಿರಲಿ.

ಹಣ ಬ್ಯಾಂಕ್ ಮೂಲಕವೇ, ಆರ್‌ಸಿಯಲ್ಲಿರುವವರ ಖಾತೆಗೇ ಹೋಗಲಿ. ಒಂದು ಭಾಗ ಹೆಸರು ವರ್ಗಾವಣೆ ಆದ ಮೇಲೆ ಕೊಡುವುದಾಗಿ ಒಪ್ಪಂದ ಬರೆಸಿ. ಗಾಡಿ ಕೈಗೆ ತೆಗೆದುಕೊಳ್ಳುವಾಗ ದಿನಾಂಕದ ಜೊತೆಗೆ ಗಂಟೆ, ನಿಮಿಷ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಮಾಡಿ. ಬೆಳಿಗ್ಗೆ ಅವರು ಸಿಗ್ನಲ್ ಹಾರಿದ್ದಕ್ಕೆ ಸಂಜೆ ಕೊಂಡ ನಿಮಗೆ ದಂಡ ಬರಬಾರದಲ್ಲ.

ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಪೂರ್ತಿ ವಿಮೆ ಸಿಗುವುದಾದರೆ ಗಾಡಿಯ ಮೌಲ್ಯ ಎಷ್ಟು ಅಂತ ಕಂಪನಿಯ ಜೊತೆ ಮಾತಾಡಿಯೇ ನಿಗದಿ ಮಾಡಿಸಬಹುದು. ಐದು ವರ್ಷ ದಾಟಿದ ಗಾಡಿಗೆ ಆ ಅವಕಾಶ ಇದೆ. ಏಜೆಂಟ್ ಸುಮ್ಮನೆ ಚಿಲ್ಲರೆ ಮೊತ್ತ ಹಾಕಿಬಿಡುತ್ತಾರೆ, ಒಪ್ಪಬೇಡಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಇಲ್ಲದಿದ್ದರೆ ಅದನ್ನೂ ಮಾಡಿಸಿಕೊಳ್ಳಿ.

## ಹಂತ 10: ಮನೆಗೆ ಬಂದ ಮೊದಲ ತಿಂಗಳು

ಬಣ್ಣ ಹೊಡೆಸಲು ಓಡಬೇಡಿ. ಅಲಾಯ್ ಚಕ್ರವೂ ಬೇಡ. ಮೊದಲು ಬ್ರೇಕ್. ನಾಲ್ಕೂ ಚಕ್ರ ಬಿಚ್ಚಿಸಿ ರಬ್ಬರ್ ಹೋಸ್, ವೀಲ್ ಸಿಲಿಂಡರ್, ಬ್ರೇಕ್ ಆಯಿಲ್ ಎಲ್ಲ ಹೊಸದು ಹಾಕಿಸಿ.

ಎರಡನೆಯದು ಪೆಟ್ರೋಲ್ ಪೈಪ್. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಈ ಕಾರುಗಳನ್ನು ಮಾಡುವಾಗ ಅದರ ಯೋಚನೆಯೇ ಇರಲಿಲ್ಲ. ಹಳೇ ರಬ್ಬರ್ ಮೆತ್ತಗಾಗಿ ಬಿರಿಯುತ್ತದೆ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತದೆ. ಎಥನಾಲ್ ತಡೆಯುವ ಹೋಸ್ ಕೇಳಿ ಹಾಕಿಸಿ, ಕಾರ್ಬೊರೇಟರ್ ಕಿಟ್ ಬದಲಿಸಿ. ಎಥನಾಲ್ ನೀರು ಹೀರುವುದರಿಂದ ಗಾಡಿಯನ್ನು ವಾರಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ. ಬೆಂಕಿ ಆರಿಸುವ ಸಣ್ಣ ಸಿಲಿಂಡರ್ ಒಂದು ಸೀಟಿನ ಹತ್ತಿರ ಇರಲಿ.

ಆಮೇಲೆ ಟೈಮಿಂಗ್ ಬೆಲ್ಟ್. ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ. ಜೊತೆಗೆ ವಾಟರ್ ಪಂಪ್, ರೇಡಿಯೇಟರ್ ಹೋಸ್, ಕೂಲೆಂಟ್. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1214 ಅಂದರೆ 2014ರ 12ನೇ ವಾರ. ಟೈರಿನ ಗೀರು ಎಷ್ಟು ಆಳವಾಗಿ ಉಳಿದಿದ್ದರೂ ಅಷ್ಟು ಹಳೇ ಟೈರ್ ಬೇಡ.

ಬಿಚ್ಚಿದ ಹಳೇ ಭಾಗಗಳನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಕಾರ್ಬೊರೇಟರ್, ಡಿಸ್ಟ್ರಿಬ್ಯೂಟರ್, ಲೈಟಿನ ಗಾಜು, ಬೀಡಿಂಗ್ ತುಂಡು, ಏನೇ ಇರಲಿ ಡಬ್ಬಕ್ಕೆ ಹಾಕಿ ಹೆಸರು ಬರೆದಿಡಿ. ಒಂದು ಮಳೆಗಾಲ ಕಳೆಯಲಿ. ಎಲ್ಲಿ ನೀರು ಸೋರುತ್ತದೆ, ಯಾವ ಮೂಲೆಯಲ್ಲಿ ತುಕ್ಕು ಮೇಲೇಳುತ್ತದೆ ಅನ್ನುವುದು ಅಷ್ಟರಲ್ಲಿ ಗೊತ್ತಾಗುತ್ತದೆ. ಟಿಂಕರಿಂಗ್, ಪೇಂಟಿಂಗ್ ಅದಾದ ಮೇಲೆ ಮಾಡಿಸಿ, ಹಣ ಒಂದೇ ಸಲ ಖರ್ಚಾಗುತ್ತದೆ.